ಖಾಲಿಯಾದ ಊರಿನಲ್ಲಿ ನಮ್ಮ ಮನೆಯ ದೀಪ

ನಿನ್ನೆ ಕೆಟ್ಟ ಕನಸು, ಗೆಳೆಯರೇ. ಊರು ಖಾಲಿ ಮಾಡಿ ಎಂದು ಮೈಕಿನಲ್ಲಿ ಇಂಗ್ಲಿಷಿನಲ್ಲಿ ಕೂಗುತ್ತಿದ್ದರು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ನನಗೆ ಅರ್ಥವಾಗುವಷ್ಟರಲ್ಲಿ ನಾವಿರುವ ಈ ಅಮೆರಿಕದ ಊರು ಫೇರ್‌ಫ್ಯಾಕ್ಸಿನಲ್ಲಿ ಒಬ್ಬರೂ ಉಳಿದಿರಲಿಲ್ಲ.

ಇವತ್ತು ಮಧ್ಯಾಹ್ನ ನಮ್ಮ ಯಜಮಾನರು ಸಿನಿಮಾಕ್ಕೆ ಕರೆದುಕೊಂಡು ಹೋದರು. ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಮುಂದೆಯೇ ಶೂಟಿಂಗ್ ಆಗಿದ್ದ ಸಿನಿಮಾ ಅದು. ಜನ ಬಿಟ್ಟು ಓಡಿದ ಊರು ಎಂದು ತೋರಿಸಬೇಕಿತ್ತಂತೆ; ಆ ಸಂಜೆ ಎಲ್ಲರಿಗೂ ಲೈಟ್ ಆರಿಸಿ ಕೆಳಗೆ ಬರಲು ಹೇಳಿದ್ದರು. ನಾನು ಲೈಟೆಲ್ಲ ಆರಿಸಿದೆ. ದೇವರ ದೀಪ ಆರಿಸಲು ಮಾತ್ರ ಮನಸ್ಸು ಬರಲಿಲ್ಲ. ಹಾಗೇ ಬಿಟ್ಟು, ಬೀಗ ಹಾಕಿಕೊಂಡು ಇಳಿದೆ.

ಸಿನಿಮಾದಲ್ಲಿ ಕೊನೆಯ ಕಾರೂ ಊರು ಬಿಟ್ಟಿತು. ಬೀದಿಯೆಲ್ಲ ಕತ್ತಲು. ಮೂರನೇ ಮಹಡಿಯ ನಮ್ಮ ಕಿಟಕಿಯಲ್ಲಿ ಮಾತ್ರ ಸಣ್ಣ ಬೆಳಕು.

"ನೋಡೇ, ಊರೆಲ್ಲ ಓಡೋಗಿದೆ, ನಿನ್ನ ದೇವ್ರೊಬ್ನೇ ಮನೇಲಿದಾನೆ," ಎಂದು ಇವರು ನಕ್ಕರು.

"ಅದಿರ್ಲಿ, ದೀಪದ ಪಕ್ಕ ನಿಂತಿರೋದು ಯಾರ್ರೀ?"

"ಕರ್ಟನ್ ಕಣೇ. ಸುಮ್ನೆ ಪಾಪ್‌ಕಾರ್ನ್ ತಿನ್ನು."

"ನಮ್ಮನೇಲಿ ಕರ್ಟನ್ ಎಲ್ಲಿದೆ? ಇರೋದು ಪ್ಲಾಸ್ಟಿಕ್ ಪಟ್ಟಿಯ ಬ್ಲೈಂಡ್ಸು."

ಇವರು ತಿನ್ನುವುದನ್ನು ನಿಲ್ಲಿಸಿದರು. ಸಿನಿಮಾ ಮುಗಿಸಿ ಬಂದೆವು. ಮನೆ ಬಾಗಿಲಲ್ಲಿ ಬೀಗದ ಕೈಯನ್ನು ನನಗೆ ಕೊಟ್ಟು, "ನೀನೇ ಮೊದ್ಲು ಹೋಗು, ದೀಪ ಹಚ್ಚೋಳು ನೀನೇ ಅಲ್ವಾ," ಎಂದರು. ಗಂಡಸಿನ ಧೈರ್ಯ ಅಷ್ಟೇ.

ಆ ಸಿನಿಮಾ ನೋಡುವವರು ದಯವಿಟ್ಟು ನಮ್ಮ ಕಿಟಕಿಯನ್ನು ಸರಿಯಾಗಿ ನೋಡಿ ಹೇಳಿ. ನನಗೆ ಸೆರಗು ಕಂಡಂತಾಯಿತು. ಆ ಬಿಲ್ಡಿಂಗಿನಲ್ಲಿ ಸೀರೆ ಉಡುವವಳು ನಾನೊಬ್ಬಳೇ, ನಾನಾಗ ಕೆಳಗೆ ಬೀದಿಯಲ್ಲಿದ್ದೆ.