ಹೆರಿಗೆಗೆ ಕಾದ ಕಟ್ಟೆ

ನನಗೆ ಮೊಮ್ಮಗಳು ಹುಟ್ಟಿದಳು. ತಾಯಿ, ಕೂಸು ಇಬ್ಬರೂ ಗಟ್ಟಿಯಾಗಿ ದವಾಖಾನೆಯಿಂದ ಕಮಲಾಪುರದ ಬೀಗರ ಮನೆ ಸೇರಿದರೆಂದು ಫೋನು ಬಂದ ಬೆಳಿಗ್ಗೆ, ಹಿಂದಿನ ದಿನವಷ್ಟೇ ಕೂಸಿನ ಮುಖ ನೋಡಿ ಬಂದಿದ್ದ ನನ್ನ ಮಗ ಹಾರೆ ಹಿಡಿದು ಮನೆ ಮುಂದಿನ ಕಟ್ಟೆ ಒಡೆಯಲು ನಿಂತ. ಖುಷಿಗೆ ಹುಡುಗನ ತಲೆ ಕೆಟ್ಟಿತೆಂದು ಓಣಿಯವರು ಅಂದುಕೊಂಡರು.

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಮನೆ. ಕುಳಿತು ಹರಟೆ ಹೊಡೆಯಲಿಕ್ಕೆಂದು ನಾನೇ ಹಟ ಹಿಡಿದು ಕಟ್ಟಿಸಿದ ಕಟ್ಟೆ ಅದು. ಪಾಲಿಕೆಯ ಚರಂಡಿ ಅದರ ಹೊಟ್ಟೆಯೊಳಗೆ ಸೇರಿಹೋಗಿತ್ತು. ನೀರು ಎದುರುಮನೆಯ ಅಂಗಳಕ್ಕೆ ನುಗ್ಗಿದಾಗ ಆ ಮನೆಯಾಕೆ ದೂರು ಕೊಟ್ಟಳು. ಪಾಲಿಕೆಯ ಸಾಹೇಬರು ಟೇಪು ಹಿಡಿದು ಬಂದರು.

“ಕಟ್ಟಿ ಒಡೀಬೇಕಾಗ್ತದರೀ ಅಮ್ಮಾ. ಜಾಗಾ ಚರಂಡೀದು.”

“ಒಡೀತೇವ್ರಿ. ಆದ್ರ ಸೊಸಿ ಬಸರಿ ಅದಾಳ. ಬಸರಿ ಇದ್ದ ಮನ್ಯಾಗ ಹಾರಿ ಹಾಕ್ತಾರೇನ್ರಿ? ನಿಮ್ಮವ್ವಗ ಕೇಳ್ರಿ.”

ಪುಣ್ಯಾತ್ಮರು ತಾಯಿಗೆ ಫೋನು ಹಚ್ಚಿಯೇ ಬಿಟ್ಟರು. ಆ ಕಡೆಯಿಂದ ಬಿದ್ದ ಬೈಗುಳ ನನಗೂ ಕೇಳಿಸಿತು. ಸಾಹೇಬರು ಮುಖ ಸಣ್ಣದು ಮಾಡಿಕೊಂಡು, ಬಾಣಂತಿ, ಕೂಸು ದವಾಖಾನೆಯಿಂದ ಮನೆ ಸೇರಿದ ದಿನವೇ ಕಟ್ಟೆ ಹೋಗಬೇಕು, ಅಲ್ಲಿಯವರೆಗೆ ಮೇಲಿನ ಕಲ್ಲು ಸರಿಸಿ ಚರಂಡಿ ನೀವೇ ಬಳಿಯಬೇಕು ಎಂದರು. ಬಳಿಯುವುದು ಮಗನ ಪಾಲಿಗೆ ಬಂತು.

ಆಮೇಲೆ ಸಾಹೇಬರು ಆಗಾಗ ಬಂದು ಸೊಸೆಯ ಆರೋಗ್ಯ ವಿಚಾರಿಸುತ್ತಿದ್ದರು. ಆ ಅಕ್ಕರೆ ನೋಡಿ ಓಣಿಯ ಹೆಂಗಸರು ಅವರನ್ನು ಸೊಸೆಯ ಅಣ್ಣನೆಂದೇ ತಿಳಿದರು. ಆಕೆ ಹೆರಿಗೆಗೆ ತವರಿಗೆ ಹೋದ ಮೇಲೆ ಸಾಹೇಬರು ಗೆದ್ದವರಂತೆ ಬಂದರು.

“ಈಗ ಮನ್ಯಾಗ ಬಸರಿ ಇಲ್ಲಲ್ರಿ. ಒಡೀರಿ.”

“ಅಪ್ಪ ಆಗಾಂವ ಇಲ್ಲೇ ಅದಾನಲ್ರಿ. ಹಾರಿ ಹಿಡಿಯಾಂವನೂ ಅವನೇ. ಅವ್ವಗ ಕೇಳ್ತೀರೇನು?”

ಈ ಸಲ ಅವರು ಫೋನು ಹೊರಗೆ ತೆಗೆಯಲಿಲ್ಲ.

ಕಟ್ಟೆ ಒಡೆದ ದಿನ ಮಾತ್ರ ಸಾಹೇಬರ ಬಾಯಿಗೆ ನಾನೇ ಸಕ್ಕರೆ ಹಾಕಿದೆ. ಅವರೂ ಅಂಗಿಯ ತೋಳು ಮಡಚಿ ನಾಲ್ಕೇಟು ಹಾಕಿದರು. ಚರಂಡಿಯ ನೀರು ಸರಾಗ ಹರಿಯಿತು. ಎದುರುಮನೆಯಾಕೆ ಹೊರಗೆ ಬಂದು, “ನಮ್ಮ ಕಟ್ಟಿ ಕಂಪೌಂಡ್ ಒಳಗ ಅದರೀ. ಇನ್ನ ಹರಟಿಗೆ ಇಲ್ಲೇ ಬರ್ರಿ” ಎಂದಳು.

ಸಂಜೆಗೆ ಮನೆಮಂದಿಯೆಲ್ಲ ಕಮಲಾಪುರದ ಬಸ್ಸು ಹತ್ತಿದೆವು. ಬೀಗರ ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತರು. ನನ್ನ ಮಡಿಲು ಬಿಟ್ಟು ಕೂಸು ಇಳಿದಿರಲಿಲ್ಲ, ಇಳಿಸಿದ್ದರೆ ತಾನೆ. ಮಗನ ಅಂಗೈ ತುಂಬ ಬೊಬ್ಬೆ, ರೊಟ್ಟಿ ಮುರಿಯಲು ಬರಲೊಲ್ಲದು.

ಮಂಚದ ಮೇಲಿಂದ ಸೊಸೆ ಅಂದಳು: “ಅತ್ತೀ, ನನ್ನ ಕೂಸು ನನಗ ಕೊಡ್ರಿ. ನಿಮ್ಮ ಕೂಸಿಗೆ ಉಣಸ್ರಿ.”

ಎಲ್ಲರೂ ನಗುತ್ತಿರಲು, ರೊಟ್ಟಿ ಮುರಿದು ಪಲ್ಯ ಹಚ್ಚಿ ಅವನ ಬಾಯಿಗಿಟ್ಟೆ.