ಪುಂಡಿಪಲ್ಯದ ಬಸಿದ ನೀರು

ಇವತ್ತು ಬೆಳಿಗ್ಗೆ ಪುಂಡಿ ಸೊಪ್ಪು ಬಿಡಿಸಲು ಕೂತೆ. ಬೆರಳಿಗೆ ಹುಳಿ ವಾಸನೆ ಹತ್ತಿತು. ಹತ್ತು ಎಲೆ ಬಿಡಿಸುವುದು, ಏಳುವುದು, ಬಾಗಿಲತನಕ ಹೋಗಿ ಬರುವುದು, ಮತ್ತೆ ಕೂರುವುದು. ನೀವು ನೋಡಿದ್ದರೆ ಯಾರದೋ ದಾರಿ ಕಾಯುತ್ತಿದ್ದಾಳೆ ಅಂದುಕೊಳ್ಳುತ್ತಿದ್ದಿರಿ. ಯಾರೂ ಬರುವವರಿರಲಿಲ್ಲ. ವರ್ಷದಿಂದ ಈ ಸೊಪ್ಪಿನ ಮುಂದೆ ನನಗೆ ಕೂರಲಾಗುವುದಿಲ್ಲ, ಅಷ್ಟೇ.

ಪುಂಡಿಪಲ್ಯ ನಿಮಗೆ ಗೊತ್ತೇ ಇರುತ್ತದೆ. ಹುಳಿ ಸೊಪ್ಪು, ಜೋಳದ ನುಚ್ಚು, ಹಸಿಮೆಣಸಿನಕಾಯಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಹುಳಿ ಹೆಚ್ಚಾಗುತ್ತದೆಂದು ಸೊಪ್ಪು ಕುದಿಸಿದ ನೀರನ್ನು ಬಸಿದು ಚೆಲ್ಲುತ್ತಾರೆ. ನಮ್ಮವ್ವ ಚೆಲ್ಲುತ್ತಿರಲಿಲ್ಲ, ಅದರಲ್ಲೇ ನುಚ್ಚು ನೆನೆಹಾಕುತ್ತಿದ್ದಳು. ಅವಳು ಹುಡುಗಿಯಾಗಿದ್ದಾಗ ನಮ್ಮ ಓಣಿಯವರು ಬಾವಿ ಮುಟ್ಟುವಂತಿರಲಿಲ್ಲ. ಬೇರೆಯವರು ಮನಸ್ಸು ಬಂದಾಗ ಸೇದಿ ಹೊಯ್ದರೆ ಕೊಡ ತುಂಬುತ್ತಿತ್ತು. ಹಾಗೆ ಬಿಸಿಲಲ್ಲಿ ನಿಂತು ನೀರು ತಂದವಳಿಗೆ, ಆಮೇಲೆ ಮನೆ ಮುಂದೆ ನಳ ಬಂದರೂ, ನೀರು ಚೆಲ್ಲಲು ಕೈ ಏಳಲಿಲ್ಲ.

ನನ್ನನ್ನು ನಾಲ್ಕನೇ ಇಯತ್ತೆಗೇ ಸಾಲೆ ಬಿಡಿಸಿದರು. ಅವ್ವ ಕಳೆ ತೆಗೆಯಲು ಹೋದರೆ ರೊಟ್ಟಿ ಬಡಿಯುವವರು ಬೇಕಲ್ಲ. ತಂಗಿ ಸುಜಾತಾ ಓದಿ ಜೇವರ್ಗಿಯಲ್ಲಿ ಟೀಚರಾದಳು. ನಾನು ಇಲ್ಲಿ ಮಣ್ಣೂರಿನಲ್ಲಿ ಇವತ್ತಿಗೂ ಬಸ್ಸಿನ ಬೋರ್ಡು ಓದಿ ಮುಗಿಸುವುದರೊಳಗೆ ಬಸ್ಸು ಹೋಗಿರುತ್ತದೆ.

ಹೋದ ವರ್ಷ ಜೇವರ್ಗಿಯಲ್ಲಿ ಆಹಾರ ಮೇಳ. ಅವ್ವ ಆಗಲೇ ತೀರಿಕೊಂಡಿದ್ದಳು. ಸುಜಾತಾ ನನಗೆ ಫೋನ್ ಮಾಡಿ, ಅವ್ವನ ಪುಂಡಿಪಲ್ಯ ಇಡುತ್ತೇನೆ, ಹೇಳುತ್ತಾ ಹೋಗು, ಬರೆದುಕೊಳ್ಳುತ್ತೇನೆ ಅಂದಳು. ಎಲ್ಲ ಹೇಳಿದೆ.

“ಬಸಿದ ನೀರು ಏನ್ ಮಾಡ್ಲಿ ಅಕ್ಕಾ?”

“ಚೆಲ್ಲು ಬೇ. ಅದರಾಗ ಏನದ?”

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಅಕ್ಷರವೆಲ್ಲ ಅವಳಿಗೆ ಹೋಯಿತು, ಅವ್ವನ ಕೈರುಚಿಯಾದರೂ ನನಗಿರಲಿ ಅನ್ನಿಸಿತ್ತು.

ಮೇಳಕ್ಕೆ ನಾನೂ ಹೋಗಿದ್ದೆ. ಆಳಂದದವರ ಮಾದಲಿ, ಅಫಜಲಪುರದವರ ಸಜ್ಜಿ ರೊಟ್ಟಿ ಎಲ್ಲ ತಿಂದು ಬಂದು ತಂಗಿಯ ಟೇಬಲ್ಲಿನ ಹಿಂದೆ ನಿಂತೆ. ಊರಿಂದ ನನ್ನ ಜೊತೆ ಬಂದಿದ್ದ ನಮ್ಮ ಓಣಿಯ ಮುದುಕಿಯೊಬ್ಬಳು ಒಂದು ತುತ್ತು ತಿಂದಳು. “ಛಲೋ ಆಗ್ಯಾದ ಬೇ ಟೀಚರಮ್ಮ. ಖರೆ, ಇದು ನಿಮ್ಮವ್ವಂದಲ್ಲ,” ಅಂದಳು. ಸುಜಾತಾ ನಕ್ಕಳು. ಸಂಜೆ ಪಾತ್ರೆ ತೊಳೆಯುವಾಗ ಮಾತ್ರ ಮೆಲ್ಲಗೆ ಅಂದಳು:

“ಅವ್ವ ನನ್ನ ಕೈಯಾಗ ಬರಲೇ ಇಲ್ಲ ನೋಡಕ್ಕಾ.”

ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಆಮೇಲೆ ಅವಳು ಪುಂಡಿಪಲ್ಯ ಮಾಡಲಿಲ್ಲ. ಈ ಸಲದ ಮೇಳಕ್ಕೆ ಶೇಂಗಾದ ಹೋಳಿಗೆ ಇಡುತ್ತಾಳಂತೆ.

ಇವತ್ತು ನೀರು ಬಸಿಯುವ ಮೊದಲು ಫೋನ್ ಹಚ್ಚಿದೆ. “ಸುಜಾತಾ, ಆ ನೀರು ಅವ್ವ ಚೆಲ್ಲತಿದ್ದಿಲ್ಲ. ಅದರಾಗ ನುಚ್ಚು ನೆನಿ ಹಾಕ್ತಿದ್ದಳು. ಗೊತ್ತಿದ್ದೇ ನಿನಗ ಸುಳ್ಳ ಹೇಳ್ದೆ.”

ಆ ಕಡೆ ಸಾಲೆ ಮಕ್ಕಳ ಗದ್ದಲ ಕೇಳಿತು. ಆಮೇಲೆ ಅದೂ ಇಲ್ಲ, ಫೋನ್ ಇಟ್ಟಿದ್ದಳು.

ನೀರು ಬಸಿದೆ, ನುಚ್ಚು ಹಾಕಿದೆ, ಬಾಗಿಲಿಗೆ ಹೋದೆ, ಬಂದೆ. ಎಷ್ಟು ಸಲವೋ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

“ಎಷ್ಟೊತ್ತು ನೆನೀಬೇಕು?”

“ಉಗುರಿಲೆ ಒತ್ತಿದ್ರ ನುಚ್ಚು ಒಡೀಬೇಕು. ಅಲ್ಲೀತನಕ.”

“ಬರಕೊಂಡೆ,” ಅಂದು ಇಟ್ಟಳು. ಅಕ್ಕಾ ಅನ್ನಲಿಲ್ಲ.

ಪಾತ್ರೆಯ ಪಕ್ಕದಲ್ಲಿ ಕೂತೆ. ನುಚ್ಚು ನೆನೆಯುವತನಕ ಏಳಲಿಲ್ಲ.