ವಿಮಾನಕ್ಕೆ ದೀಪ ಹಚ್ಚುತ್ತಿದ್ದ ಅತ್ತಿಗೆ

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಅತ್ತಿಗೆ ಬಲಗೈಯ ಗಾಜಿನ ಬಳೆಗಳನ್ನೆಲ್ಲ ಮೊಣಕೈ ಕಡೆಗೆ ಸರಿಸಿ, ಜಾರದಂತೆ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಮಡಿಸಿದ ಟವೆಲ್ಲಿನ ಮೇಲೆ ಮಣಿಕಟ್ಟು ಊರಿ ಮೌಸ್ ಹಿಡಿದರೆ ಆಮೇಲೆ ಆ ಕೈ ಅಲುಗುವುದು ಕಾಣುತ್ತಿರಲಿಲ್ಲ. ಪರದೆಯ ಕಪ್ಪು ಹಾಳೆಯ ಮೇಲೆ ಮಾತ್ರ ಸಾಸಿವೆಯಷ್ಟು ಬೆಳಕು ಹುಟ್ಟಿ, ಅಗಲವಾಗಿ, ಅಂಚಿನಲ್ಲಿ ಕರಗುತ್ತಿತ್ತು. ಕೆಲಸ ಮುಗಿಸಿ ಎದ್ದಾಗ ರಬ್ಬರ್ ಬ್ಯಾಂಡಿನ ಗುರುತು ಮೊಣಕೈ ಕೆಳಗೆ ಕೆಂಪಗೆ ಮೂಡಿರುತ್ತಿತ್ತು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ತೊಣ್ಣೂರಿನವರು, ಕ್ಯಾತನಹಳ್ಳಿಯ ನಮ್ಮ ಮನೆಗೆ ಸೊಸೆಯಾಗಿ ಬಂದವರು. ಪಾಂಡವಪುರದಲ್ಲಿ ಅಣ್ಣನದು ಫೋಟೊ ಸ್ಟುಡಿಯೊ. ಅಣ್ಣ ಮದುವೆಗಳಿಗೆ ಹೋಗಿ ಫೋಟೊ ತೆಗೆದು ತರುತ್ತಿದ್ದ, ಅತ್ತಿಗೆ ಕೂತು ತಿದ್ದಿ ಆಲ್ಬಂ ಕಟ್ಟುತ್ತಿದ್ದರು. ನಾನು ಒಂದು ಪತ್ರಿಕೆಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಸುದ್ದಿ ಕಳಿಸುವವನು. ದಿನವೆಲ್ಲ ಬೈಕಿನಲ್ಲಿ ಸುತ್ತಿ, ಸಂಜೆ ಸ್ಟುಡಿಯೊದ ಇನ್ನೊಂದು ಕಂಪ್ಯೂಟರಿನಲ್ಲಿ ವರದಿ ಬೆರಳಚ್ಚು ಮಾಡುತ್ತಿದ್ದೆ. ಹಾಗಾಗಿ ಅವರ ಕೆಲಸವನ್ನು ವರ್ಷಗಟ್ಟಲೆ ಪಕ್ಕದ ಕುರ್ಚಿಯಿಂದ ನೋಡಿದ್ದೇನೆ.

ಮುಚ್ಚಿಹೋದ ಒಂದು ಸೈಬರ್ ಕೆಫೆಯಿಂದ ಅಣ್ಣ ತಂದ ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಇತ್ತು, ಮನೆಯಲ್ಲೇ ಕೂತು ವಿಮಾನ ಹಾರಿಸುವ ಆಟ. ಅಣ್ಣ ಆಡುತ್ತಿದ್ದಾಗ ಒಮ್ಮೆ ಆಟದೊಳಗೆ ಸೂರ್ಯ ಮುಳುಗಿದ. ವಿಮಾನದ ಕಿಟಕಿಗಳು ಒಂದೇ ಅಳತೆಯ ಹಳದಿ ಚೌಕಗಳಾಗಿ ಹೊತ್ತಿಕೊಂಡವು.

“ಇದೇನ್ರೀ, ಅಳದಿ ಕಾಗ್ದ ಅಂಟಿಸ್ದಂಗದೆ,” ಎಂದರು ಅತ್ತಿಗೆ. “ಒಳಗೆ ದೀಪ ಉರೀತಾ ಇದ್ರೆ ಕಿಟಕಿ ಅಂಚ್ಗಾದ್ರೂ ಒಸಿ ಬೆಳಕು ತಗುಲ್ಬ್ಯಾಡ್ವಾ?”

“ಅದುನ್ನ ಮಾಡ್ದೋನ್ನ ಕೇಳೋಗು,” ಎಂದ ಅಣ್ಣ.

ಅವರು ನಿಜವಾಗಿಯೂ ಕೇಳಿದರು. ಇಂಥ ವಿಮಾನಗಳನ್ನು ಹವ್ಯಾಸಕ್ಕೆ ತಯಾರಿಸಿ ಹಂಚಿಕೊಳ್ಳುವವರ ತಾಣವೊಂದು ಅಂತರ್ಜಾಲದಲ್ಲಿತ್ತು. ಪೋರ್ಚುಗಲ್‌ನಲ್ಲಿ ಬಸ್ ಓಡಿಸಿ ನಿವೃತ್ತರಾದ ಹಿರಿಯರೊಬ್ಬರು ಅಲ್ಲಿ ವಿಮಾನದ ಆಕಾರ ಕಟ್ಟುತ್ತಿದ್ದರು. ಅತ್ತಿಗೆ ತಮ್ಮ ಪಿಯುಸಿ ಇಂಗ್ಲಿಷಿನಲ್ಲಿ ಬರೆದ ಎರಡು ಸಾಲಿಗೆ ಅವರು, ಹಾಗಾದರೆ ಆ ಬೆಳಕನ್ನು ನೀವೇ ಚಿತ್ರಿಸಿ ನೋಡಿ ಎಂದು ಒಂದು ವಿಮಾನವನ್ನೇ ಕಳಿಸಿಕೊಟ್ಟರು. ಅಂದಿನಿಂದ ಅವರು ನಮ್ಮ ಸ್ಟುಡಿಯೊದಲ್ಲಿ ‘ಬಸ್ಸಿನ ತಾತ’.

ಆ ಕೆಲಸ ಇಷ್ಟು. ಸಿಮ್ಯುಲೇಟರಿನ ವಿಮಾನಕ್ಕೆ ಚರ್ಮವೆಂದರೆ ಒಂದು ಚಪ್ಪಟೆ ಚಿತ್ರ. ಅದನ್ನು ಆಕಾರದ ಸುತ್ತ ಹೊದಿಸುತ್ತಾರೆ, ಟೆಕ್ಸ್ಚರ್ ಎನ್ನುತ್ತಾರೆ. ಹಗಲಿಗೆ ಒಂದು, ಕತ್ತಲಾದ ಮೇಲೆ ಕಾಣಲು ಇನ್ನೊಂದು. ಆ ಎರಡನೆಯದು ಪೂರ್ತಿ ಕಪ್ಪು. ಬೆಳಕು ಬೀಳುವ ಕಡೆ ಮಾತ್ರ ಬಣ್ಣ: ಕಿಟಕಿಯ ಅಂಚು, ಬಾಗಿಲ ಬಳಿಯ ದೀಪ, ರೆಕ್ಕೆಯ ಬುಡ, ಕೆಳಗಿನಿಂದ ಬಾಲಕ್ಕೆ ಹೊಡೆದ ಬೆಳಕು ಮೇಲೆ ಹೋಗುತ್ತಾ ತೆಳುವಾಗುವುದು. ಅತ್ತಿಗೆ ಬರೆಯುತ್ತಿದ್ದುದು ಇದನ್ನೇ. ಬಸ್ಸಿನ ತಾತ ಆಕಾರ ಕಟ್ಟುವುದು, ಅತ್ತಿಗೆ ಕತ್ತಲೆಗೆ ಬೆಳಕಿಡುವುದು. ಯಾವ ಯಾವ ದೇಶದವರೋ ಅದನ್ನು ಇಳಿಸಿಕೊಂಡು ಹಾರಿಸುತ್ತಿದ್ದರು.

“ಮದ್ವೆ ಆಲ್ಬಂ ಕಾಯ್ತಾ ಬಿದ್ದವೆ, ನಿಮ್ಮತ್ಗೆ ಇಮಾನಕ್ಕೆ ಬಲ್ಬ್ ಆಕ್ತಾ ಕುಂತವ್ಳೆ ನೋಡ್ಲಾ,” ಎಂದು ಅಣ್ಣ ನನಗೆ ದೂರು ಕೊಡುತ್ತಿದ್ದ. ದೂರಿನಲ್ಲಿ ಹೆಮ್ಮೆಯೇ ಜಾಸ್ತಿ ಇರುತ್ತಿತ್ತು.

ಬೆಳಕನ್ನು ಅವರು ಕಲಿತದ್ದು ನಮ್ಮೂರ ಡೇರಿಯಲ್ಲಿ. ಸಂಜೆ ಹಾಲು ಹಾಕಲು ಹೋದವರು, ಹಾಲು ತುಂಬಿಕೊಳ್ಳಲು ಬಂದ ಟ್ಯಾಂಕರಿನ ಮುಂದೆ ನಿಂತುಬಿಡುತ್ತಿದ್ದರು. ಆ ದುಂಡನೆಯ ಸ್ಟೀಲ್ ಮೈ ಮೇಲೆ ಡೇರಿಯ ಬಲ್ಬಿನ ಬೆಳಕು ಎಲ್ಲಿ ಗಟ್ಟಿ, ಎಲ್ಲಿ ಬಾಗಿ ಸವೆಯುತ್ತದೆ ಎಂದು ನೋಡುವುದು. ವಿಮಾನದ ಹೊಟ್ಟೆಯೂ ಹಾಗೇ ಅಲ್ಲವೇ ಎನ್ನುವುದು ಅವರ ಲೆಕ್ಕ. ಸಾಲಿನಲ್ಲಿದ್ದ ಹೆಂಗಸರು ರೇಗಿಸದೆ ಬಿಡುತ್ತಿರಲಿಲ್ಲ.

“ಏನಮ್ಮೀ, ಟ್ಯಾಂಕರ್ ನೋಡ್ತಿದ್ದೀಯೋ, ಡ್ರೈವರ್ ನೋಡ್ತಿದ್ದೀಯೋ?”

“ಡ್ರೈವರ್ ಒಟ್ಟೆ ಅಷ್ಟು ನುಣ್ಣಗಿಲ್ಲ ಕಣಕ್ಕ,” ಎಂದಿದ್ದರು ಅತ್ತಿಗೆ, ಕಣ್ಣು ತೆಗೆಯದೆ. ಡ್ರೈವರ್ ಕೂಡ ನಕ್ಕಿದ್ದನಂತೆ.

ಅವರು ಒಮ್ಮೆಯೂ ವಿಮಾನ ಹತ್ತಿದವರಲ್ಲ. ಆಸೆಯಿಲ್ಲವೇ ಎಂದು ಕೇಳಿದೆ. “ಒಳಗೋಗಿ ಕುಂತ್ಕಂಡ್ರೆ ಅದ್ರ ಮೈ ಮ್ಯಾಲ್ನ ಬೆಳಕು ಕಾಣ್ತದಾ? ನಾನು ಆಚೆ ನಿಂತ್ಕಳೋಳು ಕಣಪ್ಪ,” ಎಂದರು.

ಕೆಡುಕು ಶುರುವಾದದ್ದು ನಮಗೆ ಗೊತ್ತಾಗಲಿಲ್ಲ. ಸಂಜೆ ಕರಿಘಟ್ಟದ ಬೆಟ್ಟದ ಗುಡಿಯ ಮೆಟ್ಟಿಲಿಳಿಯುವಾಗ ಅತ್ತಿಗೆ ಒಂದೆರಡು ಸಲ ತಡವರಿಸಿದರು. ಸೀರೆ ಕಾಲಿಗೆ ಸಿಕ್ಕಿತು ಎಂದರು. ಆಲ್ಬಂಗಳಲ್ಲಿ ಮದುವೆ ಹೆಣ್ಣುಗಳು ಮೊದಲಿಗಿಂತ ಬೆಳ್ಳಗೆ ಬರತೊಡಗಿದರು. ಯಾರೂ ತಕರಾರು ಮಾಡಲಿಲ್ಲ. “ನಮ್ಮುಡ್ಗಿ ಎಂಗೆ ಒಳೀತಾವ್ಳೆ ನೋಡಿ!” ಎಂದು ಹೊಗಳಿ ತೆಗೆದುಕೊಂಡು ಹೋದರು. ಊರಿನವರು ಮೆಚ್ಚಿದ ತಪ್ಪನ್ನು ಗುರುತಿಸಿದ್ದು ಪೋರ್ಚುಗಲ್‌ನ ಬಸ್ಸಿನ ತಾತ. ಈಚಿನ ವಿಮಾನಗಳಲ್ಲಿ ನಿಮ್ಮ ರಾತ್ರಿ ಹಗಲಿನಂತಾಗುತ್ತಿದೆ, ಕಿಟಕಿಗಳು ಕಣ್ಣಿಗೆ ಹೊಡೆಯುತ್ತವೆ, ಎಲ್ಲ ಕ್ಷೇಮ ತಾನೆ ಎಂದು ಬರೆದಿದ್ದರು. ಇಳಿಸಿಕೊಂಡ ಬೇರೆಯವರೂ ಅದನ್ನೇ ಹೇಳಿದರು.

“ಮಾನಿಟರ್ ಬ್ರೈಟ್ನೆಸ್ ಮುಟ್ಟುದ್ರೇನ್ರೀ?” ಎಂದು ಅತ್ತಿಗೆ ಅಣ್ಣನ ಮೇಲೆ ಹರಿಹಾಯ್ದರು.

“ನಾನ್ಯಾಕೆ ಮುಟ್ಲಿ ಅದುನ್ನ?” ಅಣ್ಣ ನನ್ನ ಕಡೆ ತಿರುಗಿದ. “ನೀನ್ ಏನಾರ ಮಾಡುದ್ಯೇನ್ಲಾ?”

ಸುದ್ದಿಯಲ್ಲಿ ಎರಡು ಹೇಳಿಕೆ ತಾಳೆಯಾಗದಿದ್ದರೆ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ನನ್ನ ಅಭ್ಯಾಸ. ಅತ್ತಿಗೆ ಮೊದಲ ವರ್ಷಗಳಲ್ಲಿ ಬರೆದ ಒಂದು ವಿಮಾನವನ್ನೂ ಈಚಿನದೊಂದನ್ನೂ ಒಂದೇ ಪರದೆಯಲ್ಲಿ ತೆರೆದೆ. ಹಳೆಯದರಲ್ಲಿ ಕಿಟಕಿಯ ಬೆಳಕು ಗಾಜಿನಿಂದ ಸೋರಿದಂತೆ ಮೆಲ್ಲಗೆ ಹಬ್ಬಿತ್ತು. ಹೊಸದು ಹೈಮಾಸ್ಟ್ ದೀಪದ ಕೆಳಗಿನ ಬಸ್ ಸ್ಟ್ಯಾಂಡಿನ ಹಾಗೆ ಬೆಳ್ಳಗೆ ಉರಿಯುತ್ತಿತ್ತು.

ಅತ್ತಿಗೆ ಮುಂದೆ ಬಾಗಿ ನೋಡಿದರು. ಮತ್ತೆ ನೋಡಿದರು.

“ಎಲ್ಡೂ ಒಂದೇ ತರ ಅವೆಯಲ್ಲಪ್ಪ,” ಎಂದರು.

ನಮ್ಮಿಬ್ಬರ ಮುಖ ನೋಡಿ ಅವರಿಗೆ ಅರ್ಥವಾಯಿತು.

ಮೈಸೂರಿನ ಕಣ್ಣಿನ ಡಾಕ್ಟರ್ ಬಹಳ ಹೊತ್ತು ಪರೀಕ್ಷಿಸಿದರು. ಸಕ್ಕರೆ ಕಾಯಿಲೆ ಎರಡೂ ಕಣ್ಣಿನ ಒಳಪರದೆಯನ್ನು ತಿಂದಿದೆ, ಹೋದದ್ದು ಬರುವುದಿಲ್ಲ, ಲೇಸರಿನಿಂದ ಉಳಿದದ್ದನ್ನು ಸ್ವಲ್ಪ ಕಾಲ ತಡೆಯಬಹುದು ಎಂದರು. ಕಾಯಿಲೆ ಇರುವುದು ಗೊತ್ತಿರಲಿಲ್ಲವೇ?

“ಗೊತ್ತಿತ್ತು ಸಾರ್. ಸಕ್ರೆ ಬುಟ್ಟು ಏಸೋ ವರ್ಸ ಆಯ್ತು. ಒಂದ್ ಚಮ್ಚ ಮುಟ್ಟಿಲ್ಲ.”

“ಕಾಫಿ?”

“ಬೆಲ್ಲದ್ ಕಾಫಿ ಸಾರ್.”

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು. ಅಣ್ಣ ಅವಸರದಿಂದ ಸೇರಿಸಿದ: “ನಮ್ಮ ಆಲೆಮನೇದೇ ಸಾರ್. ಕೆಮಿಕಲ್ ಆಕಲ್ಲ.”

ಕಬ್ಬು ಬೆಳೆಯುವ ನಮ್ಮ ಸೀಮೆಯಲ್ಲಿ ಈ ತಪ್ಪು ಮಾಡದ ಮನೆ ಕಡಿಮೆ. ಸಕ್ಕರೆ ಫ್ಯಾಕ್ಟರಿಯದು, ಬೆಲ್ಲ ನಮ್ಮದು. ನಮ್ಮದು ನಮಗೆ ಕೇಡು ಮಾಡೀತು ಎಂದು ಯಾರಿಗೂ ತೋಚುವುದಿಲ್ಲ. ಅತ್ತಿಗೆ ದಿನಕ್ಕೆ ಐದಾರು ಲೋಟ ಕುಡಿಯುತ್ತಿದ್ದರು, ಒಪ್ಪತ್ತಿನ ದಿನ ಇನ್ನೂ ಹೆಚ್ಚು. ಸರಿಯಾಗಿ ಊಟವಿಲ್ಲದ ದಿನ ಮಾತ್ರೆ ಯಾಕೆ ಎಂದು ಅಂದು ಮಾತ್ರೆಯನ್ನೂ ಬಿಡುತ್ತಿದ್ದರು. ಇದನ್ನೆಲ್ಲ ಅವರು ಡಾಕ್ಟರಿಗೆ ಸ್ಪಷ್ಟವಾಗಿ, ಒಂದನ್ನೂ ಬಚ್ಚಿಡದೆ ಹೇಳಿದರು.

ವಾಪಸ್ ಬರುವ ಬಸ್ಸಿನಲ್ಲಿ ಅಣ್ಣ ಕಿಟಕಿ ಕಡೆ ಮುಖ ಮಾಡಿ ಅಳುತ್ತಿದ್ದ. ಅತ್ತಿಗೆ ನನ್ನನ್ನು ಕೇಳಿದರು: “ಬೆಳಕು ಜಾಸ್ತಿ ಆಗಿರೋವು ಎಷ್ಟು ಇಮಾನ ಇರ್ಬೋದು?” ನಾನು ಹೇಳಿದೆ. “ಅವು ತಪ್ಪಾಗೇ ಇರ್ತವಲ್ಲಪ್ಪ. ನನ್ನೆಸ್ರು ಅದೆ ಅದ್ರಲ್ಲಿ. ಕಣ್ಣು ಪೂರ್ತಿ ಓಗೋಕ್ ಮುಂಚೆ ಅಷ್ಟುನ್ನೂ ತಿದ್ಬುಡ್ಬೇಕು. ನೀನು ಕುಂತ್ಕಂಡು ನೋಡಿ ಯೇಳು. ಪೇಪರ್ನೋನು ನೀನು, ಇದ್ದುದ್ ಇದ್ದಂಗೆ ಯೇಳು. ನನ್ ಮುಖ ನೋಡಿ ಸೇರ್ಸಿ ಯೇಳ್ಬ್ಯಾಡ.”

ಭಾನುವಾರ ನನಗೆ ರಜೆ. ಲೇಸರ್ ಚಿಕಿತ್ಸೆಯ ನಡುವಿನ ಭಾನುವಾರಗಳಲ್ಲಿ ನಾವು ತಿದ್ದಲು ಕೂತೆವು. ಮೊದಮೊದಲು ಮೌಸ್ ಅವರ ಕೈಯಲ್ಲಿತ್ತು. ಆಮೇಲೆ ನನ್ನ ಕೈಯಲ್ಲಿ, ನನ್ನ ಕೈ ಮೇಲೆ ಅವರ ಕೈ.

“ಕಿಟಕಿ ಸುತ್ತ ಎಂಗದೆ?”

“ಸ್ವಲ್ಪ ಹಳದಿ ಇದೆ ಅತ್ಗೆ.”

“ಸ್ವಲ್ಪ ಅಂದ್ರೆ ನಂಗೇನು ಗೊತ್ತಾಯ್ತದೆ? ಬೆಣ್ಣೆಯೋ, ತುಪ್ಪವೋ?”

“ತುಪ್ಪ.”

“ಕರಗಿದ್ದೋ, ಎಪ್ಪುಗಟ್ಟಿದ್ದೋ?”

ನಾನು ಮತ್ತೆ ನೋಡಿದೆ. “ಹೆಪ್ಪುಗಟ್ಟಿದ್ದು. ಮೇಲ್ಗಡೆ ಮಾತ್ರ ಕರಗಿದ್ದು.”

“ಈಗ ಯೇಳ್ದೆ ನೋಡು. ಮೇಲ್ಗಡೆ ತೆಳೂ ಮಾಡು, ಇನ್ನ, ಇನ್ನ... ಸಾಕು ಬುಡು.”

ಹಾಗೆ ಕೂತು ಎದ್ದ ಮೇಲೆ ‘ಭಾರಿ ಜನಸ್ತೋಮ’, ‘ಅಪಾರ ನಷ್ಟ’ ಎಂದು ವರದಿಯಲ್ಲಿ ಬರೆಯಲು ನನ್ನ ಕೈ ಏಳದಂತಾಯಿತು. ಕೆ.ಆರ್. ಪೇಟೆಯ ಸಂತೆಯಲ್ಲಿ ಬೆಂಕಿ ಬಿದ್ದ ಅಂಗಡಿಯ ಮುಂದೆ ನಿಂತಾಗಲೂ, ಅತ್ತಿಗೆ ಪಕ್ಕದಲ್ಲಿದ್ದರೆ ಏನು ಕೇಳುತ್ತಿದ್ದರು ಎಂದು ಯೋಚಿಸಿ ಬರೆದಿದ್ದೇನೆ. ನನ್ನ ಬರವಣಿಗೆಯಲ್ಲಿ ಯಾರಾದರೂ ಏನಾದರೂ ಮೆಚ್ಚಿದ್ದರೆ ಅದು ಆ ಭಾನುವಾರಗಳದ್ದು.

ಒಂದೊಂದಾಗಿ ತಿದ್ದಿ ಕಳಿಸಿದೆವು. ಬಸ್ಸಿನ ತಾತ ಹಳೆಯದನ್ನು ತೆಗೆದು ಹೊಸದನ್ನು ತಾಣದಲ್ಲಿ ಹಾಕುತ್ತಾ ಹೋದರು. ಕೊನೆಗೆ ಉಳಿದದ್ದು ಎರಡು ಪ್ರೊಪೆಲರಿನ ಒಂದು ಚಿಕ್ಕ ವಿಮಾನ. ಅಷ್ಟರಲ್ಲಿ ಕಾಯಿಲೆ ಕಿಡ್ನಿಗೆ ಇಳಿದಿತ್ತು. ಡಯಾಲಿಸಿಸ್ಸಿಗೆಂದು ಮೈಸೂರಿಗೆ ಓಡಾಟ ಶುರುವಾಯಿತು, ಭಾನುವಾರಗಳು ತಪ್ಪಿದವು. ಆಸ್ಪತ್ರೆಯ ಮಂಚದಲ್ಲಿ ಮಲಗಿದಾಗಲೂ ಅವರದು ಒಂದೇ ಪ್ರಶ್ನೆ: “ಅದೊಂದು ಅಂಗೇ ಉಳ್ಕಂಡದಲ್ಲಪ್ಪ?”

“ಮನೆಗೆ ಬನ್ನಿ ಅತ್ಗೆ, ಕೂತು ಮಾಡೋಣ.”

“ಊ ಕಣಪ್ಪ,” ಎಂದರು. ಆಗ ಅವರಿಗೆ ನನ್ನ ಮುಖವೂ ಕಾಣುತ್ತಿರಲಿಲ್ಲ. ದನಿ ಬಂದ ಕಡೆಗೆ ತಿರುಗಿ ಮಾತಾಡುತ್ತಿದ್ದರು.

ಅವರು ಮನೆಗೆ ಬರಲಿಲ್ಲ. ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲೇ, ಅಣ್ಣ ಇಡ್ಲಿ ತರಲು ಕೆಳಗೆ ಹೋಗಿದ್ದಾಗ ಹೃದಯ ನಿಂತಿತು. ಕ್ಯಾತನಹಳ್ಳಿಯ ನಮ್ಮ ಗದ್ದೆಯ ಬದಿಯಲ್ಲಿ ಮಣ್ಣು ಮಾಡಿದೆವು. ಡೇರಿಯ ಹೆಂಗಸರೆಲ್ಲ ಬಂದಿದ್ದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಬಸ್ಸಿನ ತಾತನಿಗೆ ವಿಷಯ ತಿಳಿಸಿದೆ. ಅವರು ದುಃಖದಿಂದ ಉತ್ತರ ಬರೆದು, ಕೊನೆಯಲ್ಲಿ ಸಂಕೋಚದಿಂದ ಒಂದು ಮಾತು ಸೇರಿಸಿದ್ದರು: ಉಳಿದ ಆ ಚಿಕ್ಕ ವಿಮಾನವನ್ನು ಬೇಕಾದರೆ ತಾವೇ ತಿದ್ದುವುದಾಗಿ, ಇಲ್ಲವೆ ತಾಣದಿಂದ ತೆಗೆದುಹಾಕುವುದಾಗಿ.

ನನಗೆ ಅನುಮಾನವೇ ಇರಲಿಲ್ಲ. ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕುವುದು ನನ್ನ ವೃತ್ತಿಯ ನಿಯಮ. ಅತ್ತಿಗೆಯ ಆಸೆಯೂ ಅದೇ ಆಗಿತ್ತು. ತಿದ್ದಿ ಎಂದು ಬರೆಯಲು ಕೂತಿದ್ದೆ. ಅಣ್ಣ ಹಿಂದೆ ಬಂದು ನಿಂತ.

“ಏನ್ಲಾ ಅದು?”

ಹೇಳಿದೆ. ಅವನು ಪಕ್ಕದ ಕುರ್ಚಿ ಎಳೆದುಕೊಂಡು ಕೂತ.

“ಬ್ಯಾಡ ಕಣ್ಲಾ. ತಿದ್ದಿದ್ವೆಲ್ಲ ನೀನು ನೋಡಿ ಯೇಳಿದ್ದು. ಕಣ್ಣು ಕೆಟ್ಮ್ಯಾಲೆ ಅವ್ಳಿಗೆ ಕಂಡಂಗೆ ಇರೋದು ಅದೊಂದೇಯ. ಮುಟ್ಬ್ಯಾಡ, ಇರ್ಲಿ ಬುಡು.”

ಹಾಗೇ ಇರಲಿ ಎಂದು ಬರೆದೆ. ಅತ್ತಿಗೆಯ ಆಸೆಗೆ ವಿರುದ್ಧವಾಗಿ ನಾನು ಮಾಡಿದ್ದು ಇದೊಂದೇ. ಸರಿಯೋ ತಪ್ಪೋ ಇವತ್ತಿಗೂ ತೀರ್ಮಾನವಾಗಿಲ್ಲ.

ಆ ವಿಮಾನ ಈಗಲೂ ತಾಣದಲ್ಲಿದೆ. ವಿಷಯ ಗೊತ್ತಿಲ್ಲದವರು, ಬೆಳಕು ಅತಿಯಾಯಿತು ಎಂದು ಆಗಾಗ ಕೆಳಗೆ ಬರೆಯುತ್ತಾರೆ. ವರದಿ ಕಳಿಸಿ ಮುಗಿದ ಸಂಜೆಗಳಲ್ಲಿ ಕೆಲವೊಮ್ಮೆ ಅದನ್ನು ತೆರೆದು, ಸೂರ್ಯ ಮುಳುಗುವ ಹೊತ್ತನ್ನು ಆರಿಸಿ, ರನ್‌ವೇಯ ತುದಿಯಲ್ಲಿ ನಿಲ್ಲಿಸುತ್ತೇನೆ. ಕತ್ತಲಾಗುತ್ತಿದ್ದಂತೆ ಕಿಟಕಿ, ಬಾಗಿಲು, ಬಾಲ ಎಲ್ಲ ಕಣ್ಣು ಕುಕ್ಕುವಂತೆ ಬೆಳ್ಳಗೆ ಹೊತ್ತಿಕೊಳ್ಳುತ್ತವೆ. ಅಷ್ಟು ಬೆಳಕು ಸುರಿದಾಗ ಅತ್ತಿಗೆಗೆ ಅದು ಸಂಜೆಯ ಸಣ್ಣ ದೀಪದಂತೆ ಕಂಡಿತ್ತು. ಪಕ್ಕದ ಕುರ್ಚಿಯಲ್ಲೇ ಕೂತಿದ್ದ ನನಗೆ, ಅವರು ಎಷ್ಟು ಕತ್ತಲಲ್ಲಿ ಕೂತು ಬರೆಯುತ್ತಿದ್ದರು ಎಂದು ತಿಳಿದದ್ದು ಆ ವಿಮಾನ ನೋಡಿ.